ಕ್ರೀಡ್‌ಮೂರಿನ ಗುರಿಬಯಲು

ಊರುಗಳು ತಮ್ಮ ಹಳೆಯ ಕಸುಬನ್ನು ಮರೆತರೂ ಅವುಗಳ ಬೀದಿಗಳು ಅದನ್ನು ಅಷ್ಟು ಬೇಗ ಮರೆಯುವುದಿಲ್ಲ. ಬೆಂಗಳೂರಿನ ದಂಡಿನ ಭಾಗದಲ್ಲಿ ಇನ್‌ಫೆಂಟ್ರಿ ರಸ್ತೆಯಿದೆ, ಬ್ರಿಗೇಡ್ ರಸ್ತೆಯಿದೆ. ಸಂಜೆಯ ಹೊತ್ತು ಅಲ್ಲಿ ಅಡ್ಡಾಡುವ ಹುಡುಗ ಹುಡುಗಿಯರಿಗೆ ಹಿಂದೆ ಆ ದಾರಿಯಲ್ಲಿ ಹೆಜ್ಜೆ ಹಾಕುತ್ತ ಹೋದ ಪಲ್ಟನ್ನುಗಳ ನೆನಪಿಲ್ಲ. ಅವರನ್ನು ದೂರಿ ಏನು ಫಲ? ಹುಟ್ಟಿದಂದಿನಿಂದ ಅದೇ ಊರಿನ ನೀರು ಕುಡಿದ ನಾನೂ ಆ ಹೆಸರುಗಳು ಏಕೆ ಬಂದವೆಂದು ಕೇಳಿದವನಲ್ಲ. ನಮ್ಮ ಮನೆಯ ಮುಂದಿನ ಬೀದಿ ನಮಗೆ ಪ್ರಶ್ನೆಯಾಗಿ ಕಾಣುವುದಿಲ್ಲ. ಪರಊರಿನ ಬೀದಿಯೇ ಆಗಬೇಕು.

2024ರ ಬೇಸಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಆರು ವಾರ ಇದ್ದೆ. ಅವನ ಮನೆ ಕ್ವೀನ್ಸ್ ಭಾಗದ ಪೂರ್ವದ ಅಂಚಿನಲ್ಲಿ, ಬೆಲರೋಸ್ ಎಂಬಲ್ಲಿ. ಸಮೀಪದ ಹಿಲ್‌ಸೈಡ್ ಅವೆನ್ಯೂಗೆ ಹೋದರೆ ನಮ್ಮವರ ದಿನಸಿ ಅಂಗಡಿಗಳು, ತರಕಾರಿಯ ಜೊತೆಗೆ ಕರಿಬೇವು. ಕಾರಿನಲ್ಲಿ ಹೊರಟರೆ ಫ್ಲಶಿಂಗಿನ ಗಣಪತಿಯ ಗುಡಿ. ಮುದುಕನಿಗೆ ಇನ್ನೇನು ಬೇಕು? ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಟ ಮೇಲೆ ನಾನು ಕೈಯಲ್ಲಿ ಕೊಡೆ ಹಿಡಿದು ಸುತ್ತಾಡುವೆನು. ಹೀಗೆ ಸುತ್ತುವಾಗ ಬೀದಿಯ ಫಲಕಗಳು ಕಣ್ಣಿಗೆ ಬಿದ್ದವು. ಒಂದು ದೊಡ್ಡ ರಸ್ತೆಗೆ ವಿಂಚೆಸ್ಟರ್ ಎಂದು ಹೆಸರು. ಅದು ಇಂಗ್ಲೆಂಡಿನ ಊರಿನ ಹೆಸರಿರಬಹುದು ಎಂದುಕೊಂಡೆ. ಆದರೆ ಸಮೀಪದಲ್ಲೇ ಮಸ್ಕೆಟ್ ಬೀದಿ, ಇನ್ನೊಂದು ರೇಂಜ್ ಬೀದಿ! ಕೋವಿಗೂ ಗುಂಡು ಹೊಡೆಯುವ ಬಯಲಿಗೂ ಈ ಶಾಂತವಾದ ಮನೆಗಳ ಸಾಲಿಗೂ ಏನು ನಂಟು?

ಸಂಜೆ ನನ್ನ ಸೋದರಳಿಯನನ್ನು ಕೇಳಿದೆ. “ಹೆಸರು ಏನಿದ್ದರೇನು ಮಾವ? ಇಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದರೆ ಸಾಕು” ಎಂದ. ಹದಿನೆಂಟು ವರ್ಷ ಅಲ್ಲಿದ್ದವನ ಉತ್ತರ ಇದು. ನಾನೂ ಬೆಂಗಳೂರಿನಲ್ಲಿ ಹಾಗೆಯೇ ಹೇಳುತ್ತಿದ್ದೆನೇನೋ. ಮರುದಿನದಿಂದ ಬಡಾವಣೆಯ ಪುಸ್ತಕಾಲಯಕ್ಕೆ ಹೋಗಿ ಕುಳಿತೆ. ಅಲ್ಲಿ ನನಗೆ ಸಿಕ್ಕಿದ್ದು ಒಂದು ಶಾಸನದ ಕಥೆ: ಸರಕಾರದ ಹಣದಿಂದ ಜನಕ್ಕೆ ಗುರಿ ಕಲಿಸುವ ಬಯಲೊಂದನ್ನು ಮಾಡಬೇಕೆಂದು 1872ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಶಾಸನಸಭೆ ಮಾಡಿದ ತೀರ್ಮಾನದ ಕಥೆ.

ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ನಾಲ್ಕು ವರ್ಷ ಲಕ್ಷಾಂತರ ಜನ ಕೈಯಲ್ಲಿ ಬಂದೂಕು ಹಿಡಿದಿದ್ದರು. ಆದರೆ ಅವರಲ್ಲಿ ಬಹುಮಂದಿಗೆ ಅದನ್ನು ಗುರಿಯಿಟ್ಟು ಹೊಡೆಯಲು ಯಾರೂ ಕಲಿಸಿರಲಿಲ್ಲ. ಕವಾಯತು ಕಲಿಸಿದರು; ಭುಜಕ್ಕೆ ಏರಿಸುವುದು, ಇಳಿಸುವುದು, ಸಾಲುಗಟ್ಟಿ ತಿರುಗುವುದು ಎಲ್ಲವನ್ನೂ ಕಲಿಸಿದರು. ನಳಿಗೆಯ ಮೇಲಿರುವ ನಿಶಾನಿ ಏತಕ್ಕೆ ಎಂಬುದೊಂದು ಮಾತ್ರ ಉಳಿಯಿತು. ಹಳೆಯ ಕೋವಿಗಳ ಕಾಲದಲ್ಲಿ ಇದು ನಡೆಯುತ್ತಿತ್ತು. ಅವುಗಳ ಗುಂಡು ನೂರು ಗಜದಾಚೆ ಎಲ್ಲಿಗೆ ಹೋಗುವುದೆಂದು ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲವಾದ್ದರಿಂದ ನೂರಾರು ಜನ ಒಟ್ಟಿಗೆ ಹೊಡೆಯುವುದೇ ಉಪಾಯವಾಗಿತ್ತು. ನಳಿಗೆಯ ಒಳಗೆ ಸುರುಳಿ ಗಾಡಿ ತೆಗೆದ ರೈಫಲ್ ಬಂದ ಮೇಲೆ ಗುಂಡು ತಿರುಗುತ್ತ ನೇರವಾಗಿ ದೂರ ಹೋಗತೊಡಗಿತು. ಆಯುಧ ಬದಲಾದರೂ ಕಲಿಸುವ ಬಗೆ ಬದಲಾಗಲಿಲ್ಲ.

ಇದನ್ನು ಮನಸ್ಸಿಗೆ ಹಚ್ಚಿಕೊಂಡವರು ಇಬ್ಬರು. ಒಬ್ಬರು ವಿಲಿಯಂ ಚರ್ಚ್, ಸೈನ್ಯದ ವಿಷಯಗಳಿಗಾಗಿಯೇ ಇದ್ದ ಪತ್ರಿಕೆಯೊಂದರ ಸಂಪಾದಕರು. ಇನ್ನೊಬ್ಬರು ಜಾರ್ಜ್ ವಿಂಗೇಟ್. ವೃತ್ತಿಯಿಂದ ವಕೀಲರು, ಜೊತೆಗೆ ನ್ಯೂಯಾರ್ಕಿನ ನಾಗರಿಕ ಸೈನ್ಯವಾದ ನ್ಯಾಷನಲ್ ಗಾರ್ಡಿನಲ್ಲಿ ಅಧಿಕಾರಿ. ವಿಂಗೇಟರು ಗುರಿ ಹೊಡೆಯುವುದನ್ನು ಪಾಠದಂತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಕ್ರಮವನ್ನು ಬರೆದರು. ಚರ್ಚರು ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿದರು. ಇವರ ಕಣ್ಣ ಮುಂದಿದ್ದ ಮಾದರಿ ಇಂಗ್ಲೆಂಡಿನದು. ಅಲ್ಲಿ ವಿಂಬಲ್ಡನ್ನಿನ ಬಯಲಿನಲ್ಲಿ 1860ರ ಜುಲೈಯಲ್ಲಿ ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿ ಪಂದ್ಯಗಳನ್ನು ಆರಂಭಿಸಿದ್ದರು. ರೈಫಲನ್ನು ಮೊದಲೇ ಗುರಿಗೆ ಸರಿಯಾಗಿ ಒಂದು ಕಬ್ಬಿಣದ ಆಸನದ ಮೇಲೆ ಬಿಗಿದಿಟ್ಟಿದ್ದರು, ರಾಣಿಯವರು ಒಂದು ದಾರವನ್ನು ಎಳೆದರಷ್ಟೆ. ರಾಜರ ಬೇಟೆಯೂ ಇದೂ ಒಂದೇ ಜಾತಿಯದೆಂದು ಓದುಗರು ನಕ್ಕರೆ ನಾನು ಅಡ್ಡಿ ಮಾಡುವುದಿಲ್ಲ.

1871ರ ನವೆಂಬರ್ 17ರಂದು ಚರ್ಚ್ ಮತ್ತು ವಿಂಗೇಟರ ಸಂಘಕ್ಕೆ ನ್ಯೂಯಾರ್ಕ್ ಸಂಸ್ಥಾನದ ಸನ್ನದು ದೊರೆಯಿತು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂದು ಅದರ ಹೆಸರು. ಮೊದಲ ಅಧ್ಯಕ್ಷರು ಅಂತರ್ಯುದ್ಧದ ಸೇನಾಪತಿಗಳಲ್ಲೊಬ್ಬರಾದ ಆಂಬ್ರೋಸ್ ಬರ್ನ್‌ಸೈಡ್. ಈ ಹೆಸರನ್ನು ಇಂದು ಕೇಳಿದವರಿಗೆ ಅಮೆರಿಕದ ರಾಜಕೀಯದಲ್ಲಿ ಬಂದೂಕಿನ ಹಕ್ಕಿಗಾಗಿ ಹೋರಾಡುವ ಪ್ರಬಲ ಪಕ್ಷವೇ ನೆನಪಾಗುವುದು. ಆ ರೂಪ ಅದಕ್ಕೆ ಗಟ್ಟಿಯಾಗಿ ಬಂದದ್ದು ನೂರು ವರ್ಷಕ್ಕೂ ಈಚೆಗೆ, 1977ರಲ್ಲಿ. ಹುಟ್ಟಿದಾಗ ಅದು ಬೇಡಿದ್ದು ಹಕ್ಕನ್ನಲ್ಲ, ಒಂದು ಬಯಲನ್ನು.

ಆ ವರ್ಷದ ಇನ್ನೊಂದು ಘಟನೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅದೇ 1871ರ ಜುಲೈ 12ರಂದು ನ್ಯೂಯಾರ್ಕ್ ನಗರದಲ್ಲಿ ಐರಿಷ್ ಪ್ರಾಟೆಸ್ಟಂಟರು ಮೆರವಣಿಗೆ ಹೊರಟರು. ಐರಿಷ್ ಕ್ಯಾಥೊಲಿಕರು ಕೆರಳಿ ಬೀದಿಯ ಇಕ್ಕೆಲದಲ್ಲಿ ನೆರೆದರು. ಮೆರವಣಿಗೆಯ ಕಾವಲಿಗೆ ಇದೇ ನ್ಯಾಷನಲ್ ಗಾರ್ಡನ್ನು ನಿಲ್ಲಿಸಿತ್ತು ಸರಕಾರ. ಕಲ್ಲು ಬಿತ್ತು, ಗುಂಡು ಹಾರಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ನಾಲ್ಕು ತಿಂಗಳ ಮೇಲೆ ಹುಟ್ಟಿದ ಸಂಘಕ್ಕೆ ಈ ರಕ್ತಪಾತವೇ ಕಾರಣವೆಂದು ನಾನು ಹೇಳುವುದಿಲ್ಲ; ವಿಂಗೇಟರ ಪಾಠ ಅದಕ್ಕಿಂತ ಹಳೆಯದು. ಆದರೂ ನ್ಯಾಷನಲ್ ಗಾರ್ಡಿಗೆ ಗುರಿ ಕಲಿಸಬೇಕು ಎಂಬ ಮಾತು ಮರುವರ್ಷ ಶಾಸನಸಭೆಯ ಮುಂದೆ ಬಂದಾಗ, ಆ ಗುರಿ ಯಾರ ಕಡೆಗೆ ಎಂಬ ಪ್ರಶ್ನೆ ಬಡವರ ಓಣಿಗಳಲ್ಲಿ ಕೆಲವರ ಮನಸ್ಸಿಗಾದರೂ ಬಂದಿರಬೇಕು.

ಶಾಸನಸಭೆ ಒಪ್ಪಿತು. ಬಯಲನ್ನು ಕೊಳ್ಳಲು ಸಂಸ್ಥಾನದ ಬೊಕ್ಕಸದಿಂದ 25,000 ಡಾಲರು. ಸಂಘ ತಾನಾಗಿ 5,000 ಡಾಲರು ಕೂಡಿಸಬೇಕೆಂಬ ಷರತ್ತು. ಅಂದಿನ ಕಾಲಕ್ಕೆ ಅದೇನೂ ಸಣ್ಣ ಹಣವಲ್ಲ. ನಗರದ ಬೊಕ್ಕಸವನ್ನು ಟ್ವೀಡ್ ಎಂಬ ರಾಜಕೀಯ ಧಣಿಯ ಕೂಟ ದೋಚಿದ ಕಥೆ ಆಗಷ್ಟೇ ಬಯಲಾಗಿ, ಸರಕಾರದ ಪ್ರತಿಯೊಂದು ಖರ್ಚನ್ನೂ ಜನ ಸಂದೇಹದಿಂದ ನೋಡುತ್ತಿದ್ದ ಸಮಯ ಅದು. ಅಂಥ ಹೊತ್ತಿನಲ್ಲಿಯೂ ಮಸೂದೆ ಪಾಸಾಯಿತೆಂದರೆ ಅದಕ್ಕೆ ಆ ಷರತ್ತೂ ಸ್ವಲ್ಪ ನೆರವಾಗಿರಬೇಕೆಂದು ನನ್ನ ಊಹೆ. ಬೇಡುವವನು ತನ್ನ ಗಂಟನ್ನೂ ಬಿಚ್ಚಿದರೆ ಕೊಡುವವನ ಕೈ ಸಡಿಲವಾಗುತ್ತದೆ.

ಇನ್ನು ಬಯಲು ಬೇಕು. ಸಾವಿರ ಗಜ ನೇರವಾದ ನೋಟವಿರಬೇಕು, ಗುರಿಯ ಹಿಂದೆ ಮನೆಮಠ ಇರಬಾರದು, ನಗರದ ಜನ ಹೋಗಿಬರಲು ರೈಲು ಇರಬೇಕು, ಬೆಲೆಯೂ ಅಗ್ಗವಾಗಿರಬೇಕು. ಲಾಂಗ್ ಐಲೆಂಡಿನ ಮಟ್ಟಸವಾದ ನೆಲದಲ್ಲಿ, ಕ್ರೀಡ್ ಎಂಬ ಮನೆತನ ಬೇಸಾಯ ಮಾಡಿದ್ದ ಸುಮಾರು 70 ಎಕರೆಯ ಹೊಲದಲ್ಲಿ ಇವೆಲ್ಲವೂ ಕೂಡಿಬಂದವು. ನೋಡಲು ಇಂಗ್ಲೆಂಡಿನ ಬಂಜರು ಬಯಲುಗಳಂತೆ, ಅಂದರೆ ‘ಮೂರ್’ ಎಂದು ಕರೆಯುವ ನೆಲದಂತೆ ಇತ್ತಾಗಿ ಕ್ರೀಡ್‌ಮೂರ್ ಎಂಬ ಹೆಸರಾಯಿತು. ಅಲ್ಲಿ ಕಬ್ಬಿಣದ ಗುರಿಹಲಗೆಗಳು ನಿಂತವು. ಹಿಂದೆ ಮಣ್ಣಿನ ದಿಣ್ಣೆ ಎದ್ದಿತು. ಗುಂಡು ತಗುಲಿದೆಡೆಯನ್ನು ತೋರಿಸುವವರು ಕಾಪಿನ ಮರೆಯಲ್ಲಿ ಕುಳಿತು ಬಣ್ಣದ ಬಿಲ್ಲೆ ಎತ್ತುವ ಏರ್ಪಾಡಾಯಿತು. 1873ರ ಜೂನ್ 21ರಂದು ಬಯಲು ತೆರೆಯಿತು.

ಮರುವರ್ಷವೇ ಕ್ರೀಡ್‌ಮೂರ್ ಎಂಬ ಹೆಸರು ಸಮುದ್ರದ ಎರಡೂ ದಡದಲ್ಲಿ ಕೇಳಿಬಂದಿತು. 1873ರಲ್ಲಿ ವಿಂಬಲ್ಡನ್ನಿನಲ್ಲಿ ಇಂಗ್ಲೆಂಡನ್ನೂ ಸ್ಕಾಟ್ಲೆಂಡನ್ನೂ ಸೋಲಿಸಿ ಫಲಕ ಗೆದ್ದ ಐರ್ಲೆಂಡಿನ ತಂಡ, ಅಮೆರಿಕದಲ್ಲಿ ಯಾರಾದರೂ ಇದ್ದರೆ ಬನ್ನಿರೆಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಸವಾಲು ಹಾಕಿತು. ಆಗ ಅಮೆರಿಕದಲ್ಲಿ ಸಾವಿರ ಗಜದ ದೂರಕ್ಕೆ ಪಂದ್ಯ ಆಡಿದವರೇ ಇರಲಿಲ್ಲವೆಂದರೂ ಸಲ್ಲುತ್ತದೆ. ನಗರದ ಹವ್ಯಾಸಿಗಳ ಒಂದು ಸಣ್ಣ ಕ್ಲಬ್ಬು ಸವಾಲನ್ನು ಎತ್ತಿಕೊಂಡಿತು. ರೆಮಿಂಗ್ಟನ್, ಶಾರ್ಪ್ಸ್ ಎಂಬ ಎರಡು ಬಂದೂಕಿನ ಕಂಪನಿಗಳು ಇದಕ್ಕಾಗಿಯೇ ಹೊಸ ರೈಫಲುಗಳನ್ನು ಮಾಡಿಕೊಟ್ಟವು. ಅವು ಹಿಂದುಗಡೆಯಿಂದ ತೋಟಾ ತುಂಬುವಂಥವು. ಐರಿಷರದು ರಿಗ್ಬಿಯವರ ಕೈಕೆಲಸದ, ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆ. ನಿಧಾನ ಹೌದು, ಆದರೆ ಅದಕ್ಕಿಂತ ನಿಖರವಾದುದು ಇಲ್ಲವೆಂಬುದು ಬಲ್ಲವರ ಮತವಾಗಿತ್ತು.

1874ರ ಸೆಪ್ಟೆಂಬರ್ 26. ತಂಡಕ್ಕೆ ಆರು ಜನ. 800, 900, 1000 ಗಜಗಳಿಂದ ತಲೆಗೆ ಹದಿನೈದು ಹದಿನೈದು ಗುಂಡು. ನಟ್ಟನಡುವೆ ತಗುಲಿದರೆ ನಾಲ್ಕು ಅಂಕ. ಹೀಗೆ ಒಂದು ತಂಡ ಪಡೆಯಬಹುದಾದ ಅತ್ಯಧಿಕ ಅಂಕ 1080. ರೈಲಿನ ಮೇಲೆ ರೈಲಾಗಿ ಸಾವಿರಾರು ಜನ ಬಂದು ನೆರೆದರು. ಪಂದ್ಯದ ನಡುವೆ ಐರಿಷರ ಮಿಲ್ನರ್ ಎಂಬವರು ಗುರಿಯ ನಟ್ಟನಡುವೆ ಹೊಡೆದರು. ಆದರೆ ಹೊಡೆದದ್ದು ತಮ್ಮ ಗುರಿಗಲ್ಲ, ಪಕ್ಕದ ಗುರಿಗೆ! ನಾಲ್ಕು ಅಂಕದ ಬದಲು ಸೊನ್ನೆ. ಕೊನೆಗೆ ಐರ್ಲೆಂಡಿನ ಲೆಕ್ಕ 931ಕ್ಕೆ ನಿಂತಿತು. ಅಮೆರಿಕದ್ದು 930, ಉಳಿದದ್ದು ಒಂದೇ ಗುಂಡು, ಕರ್ನಲ್ ಜಾನ್ ಬೊಡೀನ್ ಎಂಬವರದು. ಸ್ವಲ್ಪ ಹೊತ್ತಿಗೆ ಮುಂಚೆ ಅವರ ಕೈಯಲ್ಲಿ ಶುಂಠಿಪಾನಕದ ಸೀಸೆ ಒಡೆದು ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಕೈಗೆ ಕರವಸ್ತ್ರ ಸುತ್ತಿಕೊಂಡು ಮಲಗಿ ಗುರಿಯಿಟ್ಟರು. ಸಾವಿರ ಗಜದಾಚೆ ಗುಂಡು ಮುಟ್ಟಿ, ಅದರ ಸದ್ದು ಮರಳಿ ಬಂದು, ಮರೆಯಿಂದ ಬಿಲ್ಲೆ ಮೇಲೇಳುವವರೆಗೆ ಎಷ್ಟು ಹೊತ್ತು! ಎದ್ದದ್ದು ನಡುಗುರಿಯ ಬಿಲ್ಲೆ. 934ಕ್ಕೆ 931. ಪಕ್ಕದ ಗುರಿಗೆ ತಗುಲಿದ ಆ ಒಂದು ಗುಂಡು ತನ್ನ ಗುರಿಗೆ ತಗುಲಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು.

ಓದುತ್ತಿದ್ದ ನನಗೂ ಮೈ ಜುಮ್ಮೆಂದಿತು. ಆದರೆ ಪುಸ್ತಕ ಮುಚ್ಚಿ ಯೋಚಿಸಿದಾಗ ಒಂದು ಮಾತು ಕಾಡಿತು. ಶಾಸನಸಭೆ ಹಣ ಕೊಟ್ಟದ್ದು ಸಾಮಾನ್ಯ ಸಿಪಾಯಿಗೆ ಗುರಿ ಕಲಿಸುವುದಕ್ಕೆ. ಹೆಸರು ಬಂದದ್ದು ಬಿಡುವೂ ದುಡ್ಡೂ ಇದ್ದ ಹವ್ಯಾಸಿಗಳ ಪಂದ್ಯದಿಂದ. ಲಾಭವಾದದ್ದು ಬಂದೂಕಿನ ಕಂಪನಿಗಳಿಗೆ. ‘ಕ್ರೀಡ್‌ಮೂರ್’ ಎಂಬ ಹೆಸರಿಟ್ಟೇ ಅವು ದುಬಾರಿ ರೈಫಲುಗಳನ್ನು ಮಾರಿದವು. ಕೂಲಿಯವನ ಕೈಗೆ ಅವು ಎಟುಕುವಂಥವಲ್ಲ. ಸಾರ್ವಜನಿಕ ಎಂಬ ಮಾತು ಶಾಸನದಲ್ಲಿ ಬರೆದಷ್ಟು ಸುಲಭವಾಗಿ ನೆಲದ ಮೇಲೆ ಇಳಿಯುವುದಿಲ್ಲ. ಇದು ಗುರಿಬಯಲಿಗೆ ಮಾತ್ರವಲ್ಲ, ನಮ್ಮ ಊರುಗಳ ಎಷ್ಟೋ ಆಟದ ಮೈದಾನಗಳಿಗೂ ಸಲ್ಲುವ ಮಾತು. ಆದರೂ ನ್ಯಾಯವಾಗಿ ಹೇಳಬೇಕಾದರೆ, ನ್ಯಾಷನಲ್ ಗಾರ್ಡಿನ ಹುಡುಗರೂ ಅಲ್ಲಿಗೆ ಬಂದು ಕಲಿತರು; ವಿಂಗೇಟರ ಪಾಠ ಬೇರೆ ಸಂಸ್ಥಾನಗಳಿಗೂ ಹಬ್ಬಿತು.

ಕೊಟ್ಟ ಕೈಯೇ ಹಿಂದಕ್ಕೆ ಸರಿಯಲು ಹತ್ತು ವರ್ಷವೂ ಬೇಕಾಗಲಿಲ್ಲ. 1880ರಲ್ಲಿ ಅಲೊಂಜೊ ಕಾರ್ನೆಲ್ ಎಂಬವರು ನ್ಯೂಯಾರ್ಕಿನ ಗವರ್ನರಾದರು. ತಮ್ಮ ಕಾಲದಲ್ಲಾಗಲಿ ತಮ್ಮ ಮಕ್ಕಳ ಕಾಲದಲ್ಲಾಗಲಿ ಯುದ್ಧವಾಗದು, ನ್ಯಾಷನಲ್ ಗಾರ್ಡಿಗೆ ಮೆರವಣಿಗೆ ಬಂದರೆ ಸಾಕು ಎಂಬುದು ಅವರ ಅಭಿಪ್ರಾಯವಾಗಿತ್ತೆಂದು ಸಂಘದ ಚರಿತ್ರೆ ಬರೆದವರು ಹೇಳುತ್ತಾರೆ. ಅಂತೂ ಗುರಿಯ ಶಿಕ್ಷಣಕ್ಕೆ ಸಂಸ್ಥಾನದ ನೆರವು ಕುಗ್ಗಿತು. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ ಸದ್ದಿಲ್ಲದೆ ಹತ್ತಿರ ಬರುತ್ತಿತ್ತು: ಮನೆಗಳು. ಬಯಲಿಗೆ ಜನರನ್ನು ತಂದ ರೈಲೇ ಬಯಲಿನ ಸುತ್ತ ನೆಲೆಸುವವರನ್ನೂ ತಂದಿತು. ನೆಲೆಸಿದವರಿಗೆ ಗುಂಡಿನ ಸದ್ದು ಬೇಡವಾಯಿತು, ದೂರುಗಳು ಏರಿದವು. ಜನರ ಆಸಕ್ತಿಯೂ ಇಳಿದಿತ್ತು. 1890ರ ದಶಕದ ಮೊದಲಲ್ಲಿ ಸಂಘ ಬಯಲನ್ನು ಸಂಸ್ಥಾನಕ್ಕೇ ಹಿಂದಿರುಗಿಸಿ, ತನ್ನ ವಾರ್ಷಿಕ ಪಂದ್ಯಗಳನ್ನು 1892ರಲ್ಲಿ ನೆರೆಯ ನ್ಯೂಜೆರ್ಸಿಯ ಸೀಗರ್ಟಿಗೆ ಒಯ್ದಿತು. ಮುಂದೆ 1907ರಲ್ಲಿ ಓಹಾಯೊ ಸಂಸ್ಥಾನದ ಈರಿ ಸರೋವರದ ದಡದಲ್ಲಿ ಕ್ಯಾಂಪ್ ಪೆರಿ ಎಂಬ ಇನ್ನೂ ದೊಡ್ಡ ಬಯಲಿನಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆದವು. ಗುರಿಯ ಹಿಂದೆ ನೀರೇ ಇದ್ದರೆ ದೂರು ಹೇಳುವವರು ಮೀನುಗಳಷ್ಟೆ!

ಖಾಲಿಯಾದ ಬಯಲಿಗೆ ಎರಡನೆಯ ಜನ್ಮ ಬಂದದ್ದು 1912ರಲ್ಲಿ. ಬ್ರೂಕ್ಲಿನ್ನಿನ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಜಾಗ ಸಾಲದಾಗಿತ್ತು. ಮೂವತ್ತೆರಡು ರೋಗಿಗಳನ್ನು ಕರೆತಂದು ನ್ಯಾಷನಲ್ ಗಾರ್ಡಿನ ಹಳೆಯ ವಸತಿಯಲ್ಲಿ ಇರಿಸಿದರು. ಹೊಲದ ಕೆಲಸ, ಹೊರಗಿನ ಗಾಳಿ, ಇವು ಮನಸ್ಸಿಗೆ ಮದ್ದು ಎಂಬ ನಂಬಿಕೆಯ ಕಾಲ. ಮೂವತ್ತೆರಡು ಇದ್ದದ್ದು 1959ರ ಹೊತ್ತಿಗೆ ಏಳು ಸಾವಿರವಾಯಿತು. ಹೊಲ ಮದ್ದಾಗುವ ಮಾತು ಎಲ್ಲಿ ಬಂತು? ಊರು ತನಗೆ ಬೇಡವಾದವರನ್ನು ತನ್ನ ಅಂಚಿನಲ್ಲಿ ತಂದು ಬಿಟ್ಟಂತಾಯಿತು. ಜನಪದಗೀತೆಗಳ ಹಾಡುಗಾರ ವುಡಿ ಗತ್ರಿ 1967ರಲ್ಲಿ ಕೊನೆಯುಸಿರೆಳೆದದ್ದು ಈ ಕ್ರೀಡ್‌ಮೂರ್ ಆಸ್ಪತ್ರೆಯಲ್ಲಿಯೇ. ಮುಂದೆ ಹೊಸ ಔಷಧಿಗಳು ಬಂದು, ರೋಗಿಗಳನ್ನು ಮನೆಗೆ ಕಳುಹಿಸುವ ನೀತಿ ಬಂದು, ಕಟ್ಟಡಗಳು ಒಂದೊಂದಾಗಿ ಖಾಲಿಯಾದವು. ಆಸ್ಪತ್ರೆ ಇನ್ನೂ ಇದೆ; ಆದರೆ ಹಳೆಯ ಸಂಖ್ಯೆಯ ಒಂದು ಸಣ್ಣ ಪಾಲು ರೋಗಿಗಳು ಮಾತ್ರ. ನನ್ನ ಸೋದರಳಿಯನ ಬೀದಿಯ ತುದಿಯಿಂದ ಅದರ ಎತ್ತರದ ಕಟ್ಟಡ ಕಾಣುತ್ತದೆ.

ಮೂರನೆಯ ಜನ್ಮದ ಪ್ರಸವವೇದನೆ ಈಗ ನಡೆಯುತ್ತಿದೆ. ನಗರದಲ್ಲಿ ಮನೆಗಳ ಅಭಾವ ವಿಪರೀತವಾಗಿದೆ. 2023ರಲ್ಲಿ ಸಂಸ್ಥಾನದ ಸರಕಾರ ಕ್ರೀಡ್‌ಮೂರಿನ ಬಳಕೆಯಿಲ್ಲದ ಸುಮಾರು ಐವತ್ತಕ್ಕೂ ಹೆಚ್ಚು ಎಕರೆಯಲ್ಲಿ 2800ಕ್ಕೂ ಮಿಕ್ಕ ಮನೆಗಳನ್ನು ಕಟ್ಟಿಸುವ ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಹೊರದೇಶಗಳಿಂದ ಆಶ್ರಯ ಬೇಡಿ ಬಂದ ಸಾವಿರ ಜನಕ್ಕೆ ಅಲ್ಲಿನ ಅಂಗಳದಲ್ಲಿ ಡೇರೆ ಹಾಕಿದರು. ಎರಡಕ್ಕೂ ಸುತ್ತಣವರ ವಿರೋಧ ಎದ್ದಿತು.

ಒಂದು ಸಂಜೆ ನನ್ನ ಸೋದರಳಿಯ ಮೇಜಿನ ಮೇಲೆ ಒಂದು ಮನವಿಪತ್ರ ಹಾಸಿಕೊಂಡು ಕುಳಿತಿದ್ದ. ಹೊಸ ಮನೆಗಳು ಬೇಡ, ಬಂದರೂ ಎತ್ತರದವು ಬೇಡ ಎಂದು ಅಕ್ಕಪಕ್ಕದವರು ಬರೆದದ್ದು. “ಶಾಲೆಯಲ್ಲಿ ಈಗಲೇ ಜಾಗವಿಲ್ಲ ಮಾವ, ರಸ್ತೆಯಲ್ಲಿ ಗಾಡಿ ಓಡಿಸೋ ಹಾಗಿಲ್ಲ. ನೀವೇ ಹೇಳಿ, ತಪ್ಪೇನಿದೆ?” ಎಂದ. ನಾನು ನನ್ನ ಟಿಪ್ಪಣಿಯ ಪುಸ್ತಕ ತಂದು ಅವನಿಗೆ ಈ ಕಥೆಯನ್ನು ಹೇಳಿದೆ. ಅವನ ಮಗಳೂ ಬಂದು ಕುಳಿತಳು. ಪಕ್ಕದ ಗುರಿಗೆ ಹೊಡೆದ ಐರಿಷನ ಕಥೆಗೆ ಅವಳು ಬಹಳ ನಕ್ಕಳು.

“ಹಾಗಾದರೆ ಆಗಲೂ ಅಕ್ಕಪಕ್ಕದವರ ಮಾತೇ ಗೆದ್ದಿತಲ್ಲ” ಎಂದ ಅವನು.

ಗೆದ್ದಿತು, ನಿಜ. ಗುಂಡಿನ ಸದ್ದು ಬೇಡವೆಂದವರನ್ನು ನಾನು ದೂರಲಾರೆ, ನಾನೂ ಬೇಡವೆನ್ನುತ್ತಿದ್ದೆ. ಆದರೆ ಬಂದೂಕು ಬೇಡವೆನ್ನುವುದೂ ಮನುಷ್ಯ ಬೇಡವೆನ್ನುವುದೂ ಒಂದೇ ಮನವಿಪತ್ರದ ಭಾಷೆಯಲ್ಲಿ ಬಂದಾಗ ಸ್ವಲ್ಪ ನಿಂತು ಓದಬೇಕಾಗುತ್ತದೆ. ಅಂದು ದೂರಿದವರ ಮನೆಗಳಿಂದಲೇ ಈ ಬಡಾವಣೆ ಬೆಳೆಯಿತು. ಅವರ ಮೊಮ್ಮಕ್ಕಳು ಆಸ್ಪತ್ರೆಗೆ ಬೆನ್ನು ಹಾಕಿ ಬದುಕಿದರು. ಅವರು ಬಿಟ್ಟುಹೋದ ಮನೆಗಳಲ್ಲಿ ನಮ್ಮವರು ಬಂದು ನೆಲೆಸಿ, ಹಿತ್ತಿಲಲ್ಲಿ ಮೆಂತ್ಯ ಬೆಳೆದು, ಈಗ ಅದೇ ಬೇಲಿಯ ಹಿಂದೆ ನಿಂತಿದ್ದಾರೆ.

ಅಮೆರಿಕದ ಸಂಸ್ಥಾನಗಳ ಶಾಸನಸಭೆಗಳಿಗೆ ಸಾರ್ವಜನಿಕ ಗುರಿಬಯಲಿನ ಮಸೂದೆಗಳು ಇಂದೂ ಬರುತ್ತವೆ. ಬಂದೂಕು ತೋಟಾಗಳ ಮೇಲೆ ಕೇಂದ್ರ ಸರಕಾರ ವಸೂಲು ಮಾಡುವ ಶೇಕಡಾ 10, 11ರ ತೆರಿಗೆ 1937ರ ಶಾಸನದ ಪ್ರಕಾರ ಸಂಸ್ಥಾನಗಳಿಗೆ ಹಂಚಿಹೋಗುತ್ತದೆ. 2019ರ ತಿದ್ದುಪಡಿಯಾದ ಮೇಲೆ ಗುರಿಬಯಲಿನ ಖರ್ಚಿನಲ್ಲಿ ಶೇಕಡಾ 90ರಷ್ಟನ್ನು ಆ ಹಣದಿಂದಲೇ ತುಂಬಬಹುದು. ನಿಯಮವಿಲ್ಲದೆ ಕಾಡಿನಲ್ಲಿ ಕಂಡಕಂಡಲ್ಲಿ ಹೊಡೆಯುವುದಕ್ಕಿಂತ ಕಾವಲಿರುವ ಬಯಲೊಂದರಲ್ಲಿ ಹೊಡೆಯುವುದು ಲೇಸೆಂಬ ವಾದದಲ್ಲಿ ಹುರುಳಿದೆ. ಸದ್ದು, ಮಣ್ಣಿನಲ್ಲಿ ಸೇರುವ ಸೀಸ, ನಾಳೆ ಬರುವ ಮನೆಗಳು ಎಂಬ ಎದುರುವಾದದಲ್ಲಿಯೂ ಹುರುಳಿದೆ. ಕ್ರೀಡ್‌ಮೂರನ್ನು ಬಲ್ಲವನು ಎರಡೂ ಕಡೆಯವರನ್ನು ಒಂದೇ ಪ್ರಶ್ನೆ ಕೇಳಿಯಾನು: ಇಪ್ಪತ್ತು ವರ್ಷದ ಮೇಲೆ ಈ ನೆಲ ಯಾರದಾಗಿರುತ್ತದೆ ಎಂದು ಯೋಚಿಸಿದ್ದೀರಾ? ಪ್ರತಿಯೊಂದು ಕಾಲವೂ ತನ್ನ ಭಯವನ್ನೇ ಶಾಸನವಾಗಿ ಬರೆಯುತ್ತದೆ. ಒಂದು ಕಾಲಕ್ಕೆ ಯುದ್ಧದ ಭಯ, ಒಂದು ಕಾಲಕ್ಕೆ ಹುಚ್ಚಿನ ಭಯ, ಇನ್ನೊಂದು ಕಾಲಕ್ಕೆ ಸೂರಿಲ್ಲದವರ ಭಯ. ಶಾಸನಗಳು ಕಡತಕ್ಕೆ ಸೇರುತ್ತವೆ, ನೆಲ ಅಲ್ಲೇ ಇರುತ್ತದೆ.

ಇದನ್ನೆಲ್ಲ ನಾನು ಅವನಿಗೆ ಉಪದೇಶವಾಗಿ ಹೇಳಲಿಲ್ಲ. ಅವನ ಮನೆಯ ಅನ್ನ ಉಣ್ಣುತ್ತ ಅವನಿಗೆ ನ್ಯಾಯ ಹೇಳುವ ಮುದುಕನಾಗಬಾರದೆಂದು ಹೊರಡುವಾಗಲೇ ನನ್ನ ಹೆಂಡತಿ ಎಚ್ಚರಿಸಿದ್ದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನವಿಪತ್ರವನ್ನು ಮಡಿಸಿ ಮಗಳ ಶಾಲೆಯ ಪುಸ್ತಕಗಳ ಕೆಳಗೆ ಇಟ್ಟ. ಅದಕ್ಕೆ ಆಮೇಲೆ ಸಹಿ ಹಾಕಿದನೋ ಇಲ್ಲವೋ ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳು ನನ್ನ ಜೊತೆ ಸುತ್ತಾಟಕ್ಕೆ ಬಂದಳು. ಮಸ್ಕೆಟ್ ಬೀದಿಯ ಫಲಕದ ಕೆಳಗೆ ನಿಂತು, “ತಾತ, ಬೆಂಗಳೂರಿನಲ್ಲಿ ನಿಮ್ಮ ಬೀದಿಗೆ ಏನು ಹೆಸರು? ಯಾಕೆ ಆ ಹೆಸರು?” ಎಂದು ಕೇಳಿದಳು. ಹೆಸರನ್ನು ಹೇಳಿದೆ. ಎರಡನೆಯದಕ್ಕೆ ಊರಿಗೆ ಹೋಗಿ ಕಾಗದ ಬರೆಯುತ್ತೇನೆ ಎಂದೆ. ಆ ಸಾಲ ಇನ್ನೂ ತೀರಿಲ್ಲ.